ಕಿತ್ತಳೆ ಬಾಲಕ್ಕೆ ಹೊಸ ಟೈರು

ಕಿತ್ತಳೆ ಬಾಲದ ಎಫ್-16 ಯುದ್ಧವಿಮಾನಕ್ಕೆ ಹೊಸ ಟೈರು ಬೇಕೆಂದು ಮೆಕ್ಯಾನಿಕ್ ಒಫೀಲಿಯಾ ಆರ್ಮಿಹೊ ಹಟ ಹಿಡಿದಾಗ, ನಮ್ಮ ಮೇಲಧಿಕಾರಿ ಕಿಟ್ರೆಜ್ ಬಾಯಲ್ಲಿದ್ದ ಬರೀಟೊ ನುಂಗುವುದನ್ನೇ ಮರೆತರು.

"ಟೈರಾ? ಇವತ್ತು ಅದಕ್ಕೆ ಕ್ಷಿಪಣಿ ಹೊಡೀತಾರೆ ಕಣಮ್ಮ. ವಾಪಸ್ ಬಂದ್ರೂ ಚೂರು ಚೂರಾಗಿ ಬರುತ್ತೆ. ಚೂರಿಗ್ಯಾಕೆ ಟೈರು?"

"ಏರೋಕೆ ಮಾತ್ರ ಆಗಿ ಇಳಿಯೋಕಾಗದ ವಿಮಾನ ನನ್ನ ಕೈಯಿಂದ ಹೊರಡಲ್ಲ."

ಅಲಮೊಗೊರ್ಡೊ ಊರಿನ ಪಕ್ಕದ ಈ ವಾಯುನೆಲೆಯಲ್ಲಿ ನಮ್ಮ ಕೆಲಸವೇ ವಿಚಿತ್ರ. ಮರುಭೂಮಿಯಲ್ಲಿ ಮಲಗಿದ್ದ ನಿವೃತ್ತ ಯುದ್ಧವಿಮಾನಗಳನ್ನು ಎಬ್ಬಿಸಿ, ಪೈಲಟ್ ಇಲ್ಲದೆ ಹಾರುವಂತೆ ಮಾಡಿ, ಬಾಲಕ್ಕೆ ಕಿತ್ತಳೆ ಬಳಿದು ನಮಗೆ ಒಪ್ಪಿಸುತ್ತಾರೆ. ನಾವು ಅವನ್ನು ಸಿಂಗರಿಸಿ ಹೊಸ ಕ್ಷಿಪಣಿಗಳಿಗೆ ಗುರಿಯಾಗಿ ಕಳಿಸುತ್ತೇವೆ. ನಿವೃತ್ತರಿಗೆ ಬೇರೆಡೆ ಹಾರ ಹಾಕುತ್ತಾರೆ, ಇಲ್ಲಿ ಹಾರಿಸಿ ಹೊಡೆಯುತ್ತಾರೆ.

ಆದರೆ ನಮ್ಮಲ್ಲೊಂದು ಹಳೆಯ ಕಟ್ಟಳೆಯಿದೆ. ವಿಮಾನ ಅದನ್ನು ನೋಡಿಕೊಳ್ಳುವ ಮೆಕ್ಯಾನಿಕ್‌ನದು. ಪೈಲಟ್ ಎರವಲು ಒಯ್ಯುತ್ತಾನೆ, ವಾಪಸು ತಂದುಕೊಡುತ್ತಾನೆ. ಮೆಕ್ಯಾನಿಕ್ ಸಹಿ ಹಾಕದೆ ಚಕ್ರ ಉರುಳುವುದಿಲ್ಲ. ಈ ವಿಮಾನವನ್ನು ಒಫೀಲಿಯಾ ಹರೆಯದಲ್ಲೇ ನೋಡಿಕೊಂಡವಳು. ಆಗ ಅವಳು ಕೊಟ್ಟಷ್ಟು ಸಲವೂ ಅದು ವಾಪಸು ಬಂದಿತ್ತು.

"ಒಳಗೆ ಪೈಲಟ್ಟೇ ಇಲ್ಲ. ಎರವಲು ಕೊಡೋದು ಯಾರಿಗೆ?" ಎಂದರು ಕಿಟ್ರೆಜ್.

"ಎಸಿ ರೂಮಲ್ಲಿ ಕೂತು ಕಡ್ಡಿ ತಿರುಗಿಸಿ ಇದನ್ನ ಹಾರಿಸ್ತಾನಲ್ಲ, ಅವನಿಗೆ. ಕುರ್ಚಿ ಮೆತ್ತಗಿದೆ ಅಂತ ಎರವಲು ಮಾಫಿ ಆಗುತ್ತಾ?"

"ಹಾಗಾದ್ರೆ ಬೇರೆ ಮೆಕ್ಯಾನಿಕ್ ಹತ್ರ ಸಹಿ ಹಾಕಿಸ್ತೀನಿ," ಎಂದು ಕಿಟ್ರೆಜ್ ನನ್ನ ಕಡೆ ತಿರುಗಿದರು.

ನಾನು ಟೈರು ನೋಡಿದೆ. ಸವೆದು ಒಳಗಿನ ನೂಲು ಇಣುಕುತ್ತಿತ್ತು. ಆಮೇಲೆ ಒಫೀಲಿಯಾಳ ಮುಖ ನೋಡಿದೆ.

"ನನ್ನ ಪೆನ್ನು ಬರೀತಿಲ್ಲ ಸಾರ್," ಎಂದೆ.

"ಇಬ್ಬರೂ ಸೇರ್ಕೊಂಡ್ರಾ?"

ಅಷ್ಟರಲ್ಲಿ ರೇಡಿಯೊ ಗೊಣಗಿತು. ಹೊಡೆಯುವ ವಿಮಾನ ಮೇಲೆ ಸುತ್ತು ಹಾಕುತ್ತಾ ಗುರಿಗಾಗಿ ಕಾಯುತ್ತಿತ್ತು. ಕಿಟ್ರೆಜ್ ಕೈಚೆಲ್ಲಿದರು. "ಹಾಕಿ ಮಾರಾಯ್ರೆ. ಹೆಣಕ್ಕೆ ಹೊಸ ಬೂಟು."

ಹೊಸ ಟೈರು ಹಾಕಿ ಒಫೀಲಿಯಾ ಸಹಿ ಮಾಡಿದಳು. ಖಾಲಿ ಸೀಟು ಹೊತ್ತ ವಿಮಾನ ಏರಿತು. ಗುರಿ ಏರಿದ ಮೇಲೆ ನಾವೆಲ್ಲ ಕಾಫಿಗೆ ಹೋಗುವುದು ವಾಡಿಕೆ. ಅವಳು ಮಾತ್ರ ಚಕ್ರಕ್ಕೆ ಒಡ್ಡುವ ಮರದ ತುಂಡುಗಳನ್ನು ಹಿಡಿದು ಬಿಸಿಲಲ್ಲಿ ನಿಂತಳು. ನಾನೂ ನಿಂತೆ.

"ಬಾರಮ್ಮ, ನೆರಳಿಗೆ ಬಾ," ಕಿಟ್ರೆಜ್ ಕೂಗಿದರು.

"ವಾಪಸ್ ಬಂದಾಗ ತಗೊಳ್ಳೋರು ಬೇಡ್ವಾ?"

ಕ್ಷಿಪಣಿ ಬಿಟ್ಟರೆಂದಿತು ರೇಡಿಯೊ. ಆಮೇಲೆ ಸದ್ದಿಲ್ಲ. ಒಫೀಲಿಯಾ ಗುಡ್ಡಗಳ ಮೇಲಿನ ಆಕಾಶದಿಂದ ಕಣ್ಣು ಕೀಳಲಿಲ್ಲ. ಕೊನೆಗೆ, ಕ್ಷಿಪಣಿ ಸವರಿಕೊಂಡು ಹೋಯಿತು, ವಿಮಾನ ಇನ್ನೂ ಹಾರುತ್ತಿದೆ ಎಂಬ ಮಾತು ಬಂತು.

ರೆಕ್ಕೆಯ ತುದಿ ಹರಿದ ಕಿತ್ತಳೆ ಬಾಲ ಒಂದು ಕಡೆಗೆ ವಾಲುತ್ತಾ ಕಾಣಿಸಿತು. ಅಡ್ಡಗಾಳಿ ಬಿಳಿ ಮರಳನ್ನು ರನ್‌ವೇಗೆ ಎರಚುತ್ತಿತ್ತು. ವಿಮಾನ ದಡ್ಡನೆ ಕುಕ್ಕರಿಸಿತು. ಟೈರುಗಳು ಕಿರುಚಿ ಹೊಗೆಯೆಬ್ಬಿಸಿದವು. ಒಡೆಯಲಿಲ್ಲ. ಅದು ಉರುಳುತ್ತಾ ಬಂದು ನಿಂತಿತು. ಒಫೀಲಿಯಾ ಚಕ್ರಕ್ಕೆ ತುಂಡು ಒಡ್ಡಿದಳು.

ಕಿಟ್ರೆಜ್ ಕಾಫಿ ಲೋಟದೊಂದಿಗೇ ಓಡಿ ಬಂದರು. "ಗುರಿ ಉಳೀತು ಅಂತ ಮೇಲಿನವರಿಗೆ ಖುಷಿಯಾಗಿದೆ. ರೆಕ್ಕೆ ರಿಪೇರಿ ಮಾಡ್ಬೇಕಂತೆ. ಮತ್ತೆ ಹೊಡೀತಾರಂತೆ."

ಒಫೀಲಿಯಾ ಬಾಗಿ ಟೈರುಗಳನ್ನು ಒಂದೊಂದಾಗಿ ನೋಡಿದಳು.

"ಹೊಡೀಲಿ," ಎಂದಳು. "ಈ ಜೋಡಿ ಸವೆದಿದೆ. ಹೊಸದು ತರಿಸಿ."