ಅದೇ ಹೆಸರಿನ ಎರಡನೆಯದು

ಆಫೀಸಿನಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬೀಗದಕ್ಕ. ಅದು ಅವಳ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ. ಲಿಫ್ಟಿನ ಬಾಗಿಲು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ಕಾಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳಿಕೊಡುವ ಸಾಫ್ಟ್‌ವೇರ್ ಬರೆಯುವ ಕಂಪನಿ ಅದು. ಬರೆಯುವವರು ಹದಿನಾಲ್ಕು ಮಂದಿ. ಅವರು ಬರೆದು ಮುಗಿಸಿದ್ದಕ್ಕೆ ಹೆಸರು, ನಂಬರು ಹಾಕಿ ಉಗ್ರಾಣದಲ್ಲಿ ಜೋಡಿಸಿಡುವುದು ಅವಳೊಬ್ಬಳ ಕೆಲಸ. ಉಗ್ರಾಣ ಎಂದರೆ ಒಂದು ಸರ್ವರ್, ಅಷ್ಟೇ. ಎಲ್ಲೆಲ್ಲಿಯದೋ ಲಿಫ್ಟುಗಳು ಆಗಾಗ ಆ ಸರ್ವರನ್ನು ಕೇಳುತ್ತವೆ: ಹೊಸ ನಂಬರು ಬಂದಿದೆಯಾ? ಬಂದಿದ್ದರೆ ಇಳಿಸಿಕೊಳ್ಳುತ್ತವೆ, ಇಲ್ಲದಿದ್ದರೆ ತಮ್ಮ ಪಾಡಿಗೆ ಏರುತ್ತ ಇಳಿಯುತ್ತ ಇರುತ್ತವೆ.

ಅವಳದು ಒಂದೇ ಕಟ್ಟುನಿಟ್ಟು. ಒಮ್ಮೆ ಹೊರಗೆ ಹೋದ ನಂಬರು ಮುಗಿಯಿತು. ಒಳಗೆ ಒಂದು ಚುಕ್ಕೆ ಬದಲಾದರೂ ಅದು ಬೇರೆಯದೇ, ಅದಕ್ಕೆ ಬೇರೆ ನಂಬರು. ಹದಿನಾಲ್ಕು ಮಂದಿಯೂ ಒಂದಲ್ಲ ಒಂದು ಸಲ ಅವಳ ಮೇಜಿನ ಮುಂದೆ ನಿಂತು ಹಲ್ಲು ಗಿಂಜಿದ್ದಾರೆ: "ಮೇಡಂ, ಚಿಕ್ಕ ತಪ್ಪು, ಅದೇ ಹೆಸರಲ್ಲಿ ಇಟ್ಬಿಡಿ, ಯಾರಿಗೆ ಗೊತ್ತಾಗುತ್ತೆ?" ಅವಳು ಎಡಗೈಯಲ್ಲಿ ಮೌಸ್ ಆಡಿಸುತ್ತ ತಲೆ ಕೂಡ ಎತ್ತದೆ ಆಗಲ್ಲ ಎನ್ನುತ್ತಿದ್ದಳು. ಇಷ್ಟು ಹಟ ಇವಳಿಗೆ ಎಲ್ಲಿಂದ ಬಂತೋ ಎಂದು ಅವರು ಮೂಗು ಮುರಿಯುತ್ತ ಹೋಗುತ್ತಿದ್ದರು.

ಎಲ್ಲಿಂದ ಬಂತು ಎಂದರೆ, ಹುಟ್ಟಿನಿಂದ. ಅವಳಿಗಿಂತ ಮೊದಲು ಆ ಮನೆಯಲ್ಲಿ ಒಂದು ಹೆಣ್ಣು ಮಗುವಿತ್ತು. ಒಂದೂವರೆ ವರ್ಷದ್ದು, ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಿತು. ವರ್ಷ ತುಂಬುವುದರೊಳಗೆ ಇವಳು ಹುಟ್ಟಿದಳು. ಅಪ್ಪ ಅಮ್ಮ ಆ ಮಗುವಿನ ಹೆಸರನ್ನೇ ಇವಳಿಗಿಟ್ಟರು. ಹೆಸರಿನ ಜೊತೆ ಬಟ್ಟೆ, ತೊಟ್ಟಿಲು ಬಂದವು. ಶಾಲೆಗೆ ಸೇರಿಸುವಾಗ ಜನನ ಪತ್ರವೂ ಅದೇ ಬಂತು. ಹೊಸದು ಮಾಡಿಸಲು ಯಾರು ಅಲೆಯಬೇಕು? ಹೀಗಾಗಿ ಕಾಗದದ ಮೇಲೆ ಅವಳು ಎರಡು ವರ್ಷ ದೊಡ್ಡವಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳಿ. ಸತ್ತ ಮಗುವಿನ ಮಾತನ್ನು ನೆಂಟರು ಆಡಿದ್ದು ಅವಳ ಕಿವಿಗೆ ಬಿದ್ದಿತ್ತೇ ಹೊರತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಹೆಸರಿನಲ್ಲೂ ಕಾಗದದಲ್ಲೂ ಅದು ಸತ್ತಿದ್ದರೆ ತಾನೇ ಎತ್ತುವುದು!

ಈಗ ಅಪ್ಪನಿಲ್ಲ. ಎರಡು ವರ್ಷದಿಂದ ಅಮ್ಮನ ನೆನಪು ತುದಿಯಿಂದ ಬಿಚ್ಚಿಕೊಳ್ಳುತ್ತ ಬಂದಿದೆ. ಅಮ್ಮನ ತಲೆಯಿಂದ ಇವಳ ಕೆಲಸ ಹೋಯಿತು, ಓದು ಹೋಯಿತು, ಬಾಲ್ಯ ಹೋಯಿತು. ಕೊನೆಗೆ ಆ ಒಂದೂವರೆ ವರ್ಷ ಮಾತ್ರ ಉಳಿಯಿತು. ಅಮ್ಮ ದಿನವೂ ಹೆಸರು ಹಿಡಿದು ಮಗು ಎಲ್ಲಿ ಎಂದು ಕೇಳುತ್ತಾಳೆ. ನಾನೇ ಅಮ್ಮಾ ಎಂದರೆ ಮೇಲಿಂದ ಕೆಳಗೆ ನೋಡಿ, "ನೀವು ದೊಡ್ಡವರು ಕಣ್ರೀ. ನನ್ನದು ಇನ್ನೂ ಸರಿಯಾಗಿ ನಡೆಯಲ್ಲ" ಎನ್ನುತ್ತಾಳೆ. ಅಮ್ಮ ಪೂರ್ತಿ ಬರಿದಾಗುವ ಮೊದಲು ಒಂದೇ ಒಂದು ಸಲ ತನ್ನನ್ನು ತಾನಾಗಿ ಗುರುತಿಸಲಿ ಎಂದು ಅವಳು ಕಾದಳು. ಮೊದಮೊದಲು ಅತ್ತಳು, ಆಮೇಲೆ ಹಳೆಯ ಫೋಟೊ ತೋರಿಸಿದಳು. ಆಮೇಲೆ ಎಲ್ಲವೂ ಮರಗಟ್ಟಿತು. ನೋವೂ ಇಲ್ಲ, ಆಸೆಯೂ ಇಲ್ಲ. ಬೆಳಗ್ಗೆ ಏಳುವುದು, ಅಮ್ಮನನ್ನು ನೋಡಿಕೊಳ್ಳುವ ಆಯಾ ಬಂದ ಮೇಲೆ ಹೊರಡುವುದು, ಸಂಜೆ ಮರಳುವುದು.

ಅಂಥದೊಂದು ಬೆಳಗ್ಗೆಯೇ ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಏಳು-ಮೂರು-ಸೊನ್ನೆ ನಂಬರಿನದು ಹೊರಗೆ ಹೋಗಿ ಒಂದು ಗಂಟೆಯಾಗಿತ್ತು. ಅದರಲ್ಲಿ ಬಾಗಿಲು ಐದು ಸೆಕೆಂಡು ಕಾಯುವ ಬದಲು ಎರಡೇ ಸೆಕೆಂಡು ಕಾಯುತ್ತಿತ್ತು.

"ಸರಿಮಾಡಿದ್ದು ರೆಡಿ ಇದೆ," ಎಂದ. "ಹೊಸ ನಂಬರು ಅಂದ್ರೆ ಸುರಕ್ಷತೆ ಪರೀಕ್ಷೆ ಮೊದಲಿಂದ. ಮೂರು ವಾರ. ಇನ್ನೂ ಯಾರೂ ಇಳಿಸ್ಕೊಂಡಿಲ್ಲ ಮೇಡಂ. ಅದೇ ಹೆಸರಲ್ಲಿ ಇಟ್ಬಿಡಿ."

ಬೇರೆ ದಿನವಾಗಿದ್ದರೆ ಆಗಲ್ಲ ಎನ್ನುತ್ತಿದ್ದಳು. ಕಡೇಪಕ್ಷ ಯಾರು ಇಳಿಸಿಕೊಂಡಿದ್ದಾರೆ ಎಂಬ ಪಟ್ಟಿಯನ್ನಾದರೂ ತೆರೆದು ನೋಡುತ್ತಿದ್ದಳು. ಅವತ್ತು ಆ ಪಟ್ಟಿಯತ್ತ ಕಣ್ಣು ಹೋಗಲಿಲ್ಲ. ಅದೇ ಹೆಸರಲ್ಲಿ ಇಟ್ಟರೆ ಏನಂತೆ, ತನ್ನನ್ನು ಇಟ್ಟಿಲ್ಲವೇ ಎಂದಷ್ಟೇ ಅನಿಸಿತು. ಹಳೆಯದನ್ನು ತೆಗೆದಳು, ಹೊಸದನ್ನು ಇಟ್ಟಳು. ಹನ್ನೊಂದು ವರ್ಷ ಹಿಡಿದ ಪಟ್ಟನ್ನು ಬಿಡಲು ಎರಡು ಕ್ಲಿಕ್ ಸಾಕಾಯಿತು. ಮ್ಯಾನೇಜರ್ ಥ್ಯಾಂಕ್ಸ್ ಹೇಳಿ ಕುರ್ಚಿಯನ್ನು ಅಲ್ಲೇ ಬಿಟ್ಟು ಹೋದ.

ಒಂಬತ್ತು ದಿನದ ಮೇಲೆ ಲಿಫ್ಟ್ ಮೆಕ್ಯಾನಿಕ್ ಒಬ್ಬ ಫೋನ್ ಮಾಡಿದ.

"ಮೇಡಂ, ಒಂದೇ ಕಟ್ಟಡದಲ್ಲಿ ಎರಡು ಲಿಫ್ಟು. ಎರಡೂ ಏಳು-ಮೂರು-ಸೊನ್ನೆ ಅಂತಾನೇ ತೋರಿಸ್ತವೆ. ಒಂದರ ಬಾಗಿಲು ಕಾಯುತ್ತೆ, ಇನ್ನೊಂದರದ್ದು ಕಾಯಲ್ಲ. ಬೆಳಗ್ಗೆ ಒಬ್ಬರು ಅಜ್ಜನ ಊರುಗೋಲು ಸಿಕ್ಕಿ ಲಟಕ್ಕಂತ ಮುರೀತು. ಅಜ್ಜನಿಗೇನೂ ಆಗಿಲ್ಲ, ದೇವರ ದಯೆ. ಒಂದೇ ಸಾಫ್ಟ್‌ವೇರು, ಇದ್ಯಾಕೆ ಹೀಗೆ?"

"ಚೆಕ್‌ಸಮ್ ಓದಿ," ಎಂದಳು. ಚೆಕ್‌ಸಮ್ ಎಂದರೆ ಕಡತದ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಬರುವ ಒಂದು ಉದ್ದನೆಯ ಗುರುತು. ಹೆಸರು ಏನಾದರೂ ಇರಲಿ, ಬೆರಳಚ್ಚಿನ ಹಾಗೆ ಅದು ಸುಳ್ಳು ಹೇಳುವುದಿಲ್ಲ. ಅವನು ತಡವರಿಸುತ್ತ ಎರಡನ್ನೂ ಓದಿದ. ಮೊದಲ ಅಕ್ಷರವೇ ಬೇರೆಯಿತ್ತು.

ಆಗ ಪಟ್ಟಿ ತೆರೆದಳು. ಆ ಒಂದು ಗಂಟೆಯಲ್ಲಿ ಹನ್ನೊಂದು ಲಿಫ್ಟುಗಳು ಮೊದಲನೆಯದನ್ನು ಇಳಿಸಿಕೊಂಡಿದ್ದವು. ಆಮೇಲೆ ಮತ್ತೆ ಮತ್ತೆ ಬಂದು ಕೇಳಿದ್ದವು: ಹೊಸ ನಂಬರು ಇದೆಯಾ? ಇಲ್ಲ, ಏಳು-ಮೂರು-ಸೊನ್ನೆಯೇ. ಅದು ನಮ್ಮ ಹತ್ತಿರ ಇದೆ ಎಂದು ಹೊರಟುಹೋಗಿದ್ದವು. ಎರಡನೆಯದು ಉಗ್ರಾಣದಲ್ಲಿ ಕಾಯುತ್ತ ಕೂತಿದ್ದು ಅವಕ್ಕೆ ಗೊತ್ತಾಗುವುದಾದರೂ ಹೇಗೆ? ಹೆಸರಿನ ಜಾಗ ಆಗಲೇ ತುಂಬಿತ್ತು.

ಅವಳು ಆ ಹನ್ನೊಂದು ಸಾಲುಗಳನ್ನು ಒಂದೊಂದಾಗಿ ಓದಿದಳು. ಪಕ್ಕದ ಮೇಜಿನವನು ಟೀ ಬೇಕಾ ಎಂದು ಎರಡು ಸಲ ಕೇಳಿದ. ಕೊನೆಗೆ ಆ ಹನ್ನೊಂದು ಲಿಫ್ಟನ್ನೂ ನಿಲ್ಲಿಸಲು ಹೇಳಿದಳು. ಏಳು-ಮೂರು-ಒಂದು ಎಂದು ಹೊಸ ನಂಬರು ಹಾಕಿ ಎರಡನೆಯದನ್ನು ಪರೀಕ್ಷೆಗೆ ಕಳಿಸಿದಳು. ಎಲ್ಲರಿಗೂ ಕಾಣುವ ಕಡೆ ಬರೆದಳು: ಏಳು-ಮೂರು-ಸೊನ್ನೆ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಡತಗಳು ಹೊರಗೆ ಹೋಗಿವೆ. ಬದಲಿಸಿದವಳು ನಾನು.

ಮ್ಯಾನೇಜರ್ ಏದುಸಿರು ಬಿಡುತ್ತ ಬಂದ. "ನನ್ನ ಹೆಸರು ಹಾಕಿಲ್ಲ ತಾನೇ?"

"ಕ್ಲಿಕ್ ಮಾಡಿದ್ದು ನಾನು," ಎಂದು ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟಳು.

ಮನೆಯಲ್ಲಿ ಆಯಾ ಚಪ್ಪಲಿ ಮೆಟ್ಟಿಕೊಂಡು ಸಿದ್ಧವಾಗಿದ್ದಳು. "ಇವತ್ತು ನನ್ನ ಕೈಲಿ ಒಂದು ತುತ್ತೂ ತಿಂದಿಲ್ಲ ಅಕ್ಕ, ಬೆಳಗಿನಿಂದ ಮಗು ಮಗು ಅಂತ ಒಂದೇ ರಾಗ" ಎಂದು ಹೇಳಿ ಹೋದಳು. ಅವಳು ಗಂಜಿ ಬಿಸಿ ಮಾಡಿ ತಂದು ಮಂಚದ ಪಕ್ಕ ಕೂತಳು. ಅಮ್ಮ ಹೆಸರು ಹಿಡಿದು ಕೇಳಿದಳು, "ಎಲ್ಲಿ, ಬಂದಳಾ?"

ನಾನೇ ಅಮ್ಮಾ ಎಂಬ ಮಾತು ಬಾಯಿಯವರೆಗೂ ಬಂದಿತ್ತು. ಅದನ್ನು ನುಂಗಿಕೊಂಡಳು.

"ಆ ಮಗು ಹೋಯ್ತು ಅಮ್ಮಾ. ಜ್ವರ ಬಂದು ಹೋಯ್ತು. ನಾನು ಅದಲ್ಲ. ನಾನು ಆಮೇಲೆ ಹುಟ್ಟಿದವಳು. ಎರಡನೆಯವಳು."

ನಲವತ್ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಅಮ್ಮ ಅವಳ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದಿದ್ದನ್ನು ಬಿಡಲಿಲ್ಲ. ಗಂಜಿ ಆರುತ್ತಿದೆಯಲ್ಲ ಎಂದು ಅವಳು ಇನ್ನೊಂದು ಕೈಯಲ್ಲಿ ಚಮಚ ತೆಗೆದುಕೊಂಡಳು. ಅಮ್ಮನ ಎದುರು ಊಟಕ್ಕೆ ಬಲಗೈ ಎಂಬುದು ಅವಳು ಚಿಕ್ಕಂದಿನಲ್ಲಿ ಬೈಸಿಕೊಂಡು ಕಲಿತ ಪಾಠ. ಇವತ್ತು ಮರೆತಿದ್ದಳು.

ಚಮಚ ಅರ್ಧ ದಾರಿಗೆ ಬರುವಷ್ಟರಲ್ಲಿ ಮಣಿಕಟ್ಟಿನ ಮೇಲೆ ಪಟ್ಟೆಂದು ಏಟು ಬಿತ್ತು. ಗಂಜಿ ಹೊದಿಕೆಯ ಮೇಲೆಲ್ಲ ಚೆಲ್ಲಿತು.

"ಎಷ್ಟು ಸಲ ಹೇಳ್ಬೇಕೇ ನಿಂಗೆ? ಮತ್ತೆ ಎಡಗೈ!" ಅಮ್ಮನ ಹುಬ್ಬು ಗಂಟಿಕ್ಕಿತ್ತು. "ದೊಡ್ಡದು ಹೀಗಿರಲಿಲ್ಲ, ಪಾಪ, ಹೇಳಿದ ಮಾತು ಕೇಳ್ತಿತ್ತು. ನೀನೇ ಒಬ್ಬಳು ಹಟಮಾರಿ."

ಅವಳ ಮಣಿಕಟ್ಟು ಚುರುಚುರು ಉರಿಯುತ್ತಿತ್ತು. ಇನ್ನೊಂದು ಏಟು ಬೀಳಲಿ ಎಂದು ಅದೇ ಕೈಯಲ್ಲಿ ಮತ್ತೆ ಚಮಚ ಅದ್ದಿದಳು.