ಕನ್ನಡಿಗೆ ಅಂಟಿಸಿದ ಪಾಸ್‌ವರ್ಡ್

"ಇವತ್ತೂ ನೆಟ್ ನಿಧಾನ ಏನಪ್ಪ? ಬರೀ ಚಕ್ರ ತಿರುಗ್ತಾ ಇದೆ."

ಕ್ಷೌರದಂಗಡಿಯ ಬೆಂಚಿನ ಮೇಲೆ ಸರದಿಗೆ ಕಾಯುವವರು ದಿನಕ್ಕೊಮ್ಮೆಯಾದರೂ ಹೀಗೆ ಗೊಣಗುತ್ತಿದ್ದರು. ಕ್ಷೌರಿಕ ಕತ್ತರಿ ನಿಲ್ಲಿಸದೆ ಉತ್ತರ ಕೊಡುತ್ತಿದ್ದ. "ದಾನಕ್ಕೆ ಕೊಟ್ಟ ಎಮ್ಮೆ ಹಲ್ಲು ಎಣಿಸಬಾರದು ಅಣ್ಣ. ತಲೆ ಬಗ್ಗಿಸಿ."

ಮೂರು ಕುರ್ಚಿಯ ಅಂಗಡಿ ಅದು. ಟವೆಲ್ಲು ಮಡಿಸಿಡುವ ಗೂಡಿನ ಮೇಲೆ ಇಂಟರ್ನೆಟ್ಟಿನ ಡಬ್ಬಿ, ಅಂದರೆ ರೂಟರ್, ಆರು ವರ್ಷದಿಂದ ಕೂತಿತ್ತು. ಕೂದಲ ಚೂರು, ಪೌಡರು ಸೇರಿ ಅದರ ಮೇಲೆ ಬೂದು ಬಣ್ಣದ ಪದರ ಕಟ್ಟಿತ್ತು. ಪಾಸ್‌ವರ್ಡ್ ಡಬ್ಬಿಯ ಜೊತೆ ಬಂದದ್ದೇ. ಕ್ಷೌರಿಕ ಅದನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ನಡುವಿನ ಕನ್ನಡಿಗೆ ಅಂಟಿಸಿದ್ದ. ಬೀದಿಗೆಲ್ಲ ಅದು ಬಾಯಿಪಾಠವಾಗಿತ್ತು. ಅದೊಂದು ಸಣ್ಣ ಹೆಮ್ಮೆ ಅವನಿಗೆ: ತನ್ನ ಅಂಗಡಿಯಿಂದ ನಾಲ್ಕು ಜನಕ್ಕೆ ಉಪಕಾರವಾಗುತ್ತದಲ್ಲ ಅಂತ.

ಅವನ ಬಾಮೈದ, ಹೆಂಡತಿಯ ತಮ್ಮ, ಟೆಲಿಫೋನ್ ಕಚೇರಿಯಲ್ಲಿ ಲೈನ್‌ಮನ್. ಒಂದು ಗುರುವಾರ ಹೆಗಲಿಗೆ ಚೀಲ, ಕೈಯಲ್ಲಿ ಒಂದು ಕಂತೆ ಫಾರಂ ಹಿಡಿದು ಬಂದ.

"ಭಾವ, ಈ ಡಬ್ಬಿ ಬದಲಾಯಿಸಬೇಕು. ಸರ್ಕಾರದಿಂದ ಹೊಸದು ಕೊಡ್ತಿದ್ದೇವೆ. ನೀವು ಏನೂ ಕೊಡಬೇಕಾಗಿಲ್ಲ."

"ಇದಕ್ಕೇನಾಗಿದೆ? ದೀಪ ಉರೀತಿದೆಯಲ್ಲ."

"ದೀಪ ಉರಿಯುತ್ತೆ, ಬಾಗಿಲು ಮಾತ್ರ ಹಾಕಿಲ್ಲ. ಈ ಮಾದರಿ ಡಬ್ಬಿಗಳಿಗೆಲ್ಲ ಕಾರ್ಖಾನೇಲಿ ಒಂದೇ ಬೀಗ, ಒಂದೇ ಕೀಲಿ ಹಾಕಿ ಕಳಿಸಿದ್ದಾರೆ. ಆ ಕೀಲಿ ಕಳ್ಳರಿಗೆಲ್ಲ ಗೊತ್ತು. ದೋಷ ಸರಿಮಾಡೋ ಅಪ್‌ಡೇಟ್ ಬರ್ತಿತ್ತು, ಡಬ್ಬಿ ಮಾಡಿದ ಕಂಪನಿ ಅದನ್ನೂ ನಿಲ್ಲಿಸಿ ಎರಡು ವರ್ಷ ಆಯ್ತು."

ಕುರ್ಚಿಯಲ್ಲಿ ಕೂತಿದ್ದ ಗರಿಯಣ್ಣ ನಕ್ಕ. ಎದುರಿನ ಇಸ್ತ್ರಿ ಅಂಗಡಿ ಅವನದು. ಅವನ ಕೈ ಮುಟ್ಟಿದ ಅಂಗಿ ಹಪ್ಪಳದ ಹಾಗೆ ಗರಿಗರಿ ಇರುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಅವನು ಕೇಳಿದ: "ಇಲ್ಲಿಗೆ ಬಂದು ಕಳ್ಳ ಏನು ಒಯ್ತಾನೆ ಮಾರಾಯ? ಬಾಚಣಿಗೇನಾ?"

ಅಂಗಡಿ ತುಂಬ ನಗು. ಬಾಮೈದನೂ ನಕ್ಕ, ಆದರೆ ಬಿಡಲಿಲ್ಲ.

"ಅವರು ಕದಿಯೋಕೆ ಬರಲ್ಲ ಅಣ್ಣ, ಡಬ್ಬೀನ ಕೂಲಿಗೆ ಹಚ್ಚೋಕೆ ಬರ್ತಾರೆ. ಇಂಥ ಸಾವಿರಾರು ಡಬ್ಬಿ ವಶ ಮಾಡ್ಕೊಂಡು, ಎಲ್ಲವನ್ನೂ ಒಂದೇ ಸಲ ಒಂದು ಟೆಲಿಫೋನ್ ಎಕ್ಸ್‌ಚೇಂಜಿನ ಮೇಲೆ ಬಿಟ್ಟರೆ ಏನಾಗುತ್ತೆ? ಆಸ್ಪತ್ರೆ ಬಾಗಿಲಲ್ಲಿ ಹುಷಾರಾಗಿರೋರೇ ಸಾವಿರ ಜನ ಸುಮ್ನೆ ಬಂದು ನಿಂತರೆ, ನಿಜವಾದ ರೋಗಿ ಒಳಗೆ ಹೋಗೋದು ಹೇಗೆ? ಅದಕ್ಕೇ ಸರ್ಕಾರ ಈಗ ಇಡೀ ಜಾಲಾನೇ ಭದ್ರ ಮಾಡ್ತಿದೆ. ಟವರು, ಎಕ್ಸ್‌ಚೇಂಜು, ಕೇಬಲ್ಲು, ಎಲ್ಲದರ ತಪಾಸಣೆ ಆಗ್ತಿದೆ. ಆದರೆ ಜಾಲ ಅಲ್ಲಿಗೇ ಮುಗಿಯಲ್ಲ ಭಾವ. ಅದರ ಕೊನೇ ಗಂಟು ನಿಮ್ಮ ಟವೆಲ್ ಗೂಡಿನ ಮೇಲಿದೆ."

ಮಾತು ಸರಿ ಇತ್ತು. ಆದರೆ ಹಿತ್ತಲ ಗಿಡ ಮದ್ದಲ್ಲ. ಈ ಲೈನ್‌ಮನ್ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ಕ್ಷೌರಿಕ ಅವನನ್ನು ಕಂಡವನು. ಅವನಿಂದ ಬುದ್ಧಿ ಹೇಳಿಸಿಕೊಳ್ಳುವುದು ಹೇಗೆ? ಜೊತೆಗೆ ಒಳಗೊಂದು ಅನುಮಾನವೂ ಇತ್ತು.

"ಪುಕ್ಕಟೆ ಕೊಡ್ತಾರೆ ಅಂದ್ರೆ ಏನೋ ಇದೆ. ನಾವು ಏನು ನೋಡ್ತೀವಿ, ಯಾರ ಹತ್ರ ಮಾತಾಡ್ತೀವಿ ಅಂತ ಇಣುಕೋಕೆ ತಾನೇ?"

"ಕೇಳಬೇಕಾದ ಪ್ರಶ್ನೇನೇ ಭಾವ. ಹೊಸ ಡಬ್ಬಿಯ ಪಾಸ್‌ವರ್ಡ್ ನೀವೇ ಹಾಕ್ತೀರಿ. ನಾನು ಆ ಕಡೆ ತಿರುಗಿ ನಿಲ್ತೀನಿ. ನಮಗೂ ಹೇಳಬೇಡಿ, ಫೋನ್ ಮಾಡಿ ಕೇಳಿದೋರಿಗೂ ಹೇಳಬೇಡಿ. ನನ್ನ ಮೇಲೆ ನಂಬಿಕೆ ಇಲ್ಲಾಂದ್ರೆ ಕಚೇರಿಗೆ ಫೋನ್ ಮಾಡಿ ವಿಚಾರಿಸಿ. ಇಪ್ಪತ್ತು ನಿಮಿಷದ ಕೆಲಸ."

"ಗಿರಾಕಿ ಇರೋ ಹೊತ್ತು. ಆಮೇಲೆ ಬೀದಿಯೋರಿಗೆಲ್ಲ ಹೊಸ ಪಾಸ್‌ವರ್ಡ್ ಹೇಳ್ಕೊಂಡು ಕೂರಬೇಕು. ಈಗ ಬೇಡ ಬಿಡು."

ಬಲವಂತ ಮಾಡುವ ಹಾಗಿರಲಿಲ್ಲ. ಫಾರಮ್ಮಿನ ಕೆಳಗೆ "ಸದ್ಯಕ್ಕೆ ಬೇಡ" ಎಂಬ ಸಾಲಿತ್ತು. ಕ್ಷೌರಿಕ ಅದರ ಮುಂದೆ ಸಹಿ ಹಾಕಿದ. ಮುಂದಿನ ತಿಂಗಳು ಬಾಮೈದ ಮತ್ತೆ ಬಂದ, ಮತ್ತೆ ಸಹಿ. ಮೂರನೇ ಸಲ ಅವನು ಕೂರಲೂ ಇಲ್ಲ. ಬಾಗಿಲಲ್ಲೇ ಫಾರಂ ಚಾಚಿದ, ಭಾವ ನಿಂತಲ್ಲೇ ಗೀಚಿ ಕೊಟ್ಟ.

ರಾತ್ರಿ ಊಟಕ್ಕೆ ಬಡಿಸುತ್ತಾ ಹೆಂಡತಿ ಹೇಳಿದಳು. "ಅವನು ನಮ್ಮ ಒಳ್ಳೇದಕ್ಕೇ ಹೇಳೋದು. ಅಂಗಡಿ ರಜೆ ಇರೋ ಒಂದು ಮಂಗಳವಾರ ಹಾಕಿಸ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಊರಲ್ಲಿ ಯಾರಿಗೂ ಇಲ್ಲದ ಭಯ ನನಗ್ಯಾಕೆ?" ಅಂದ ಅವನು. ಮಾತು ಅಲ್ಲಿಗೆ ನಿಂತಿತು.

ಅದಾಗಿ ಐದಾರು ವಾರ ಕಳೆದಿರಬೇಕು. ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರು. ಗಿರಾಕಿಯೊಬ್ಬನ ಗಲ್ಲಕ್ಕೆ ನೊರೆ ಹಚ್ಚಿ ನಿಂತಿದ್ದ ಕ್ಷೌರಿಕನಿಗೆ ಬೀದಿಯಾಚೆ ಏನೋ ಬಿದ್ದ ಸದ್ದು ಕೇಳಿಸಿತು. ಹಿಂದೆಯೇ ಗರಿಯಣ್ಣನ ಹೆಂಡತಿಯ ದನಿ. ಅವನು ಬ್ರಷ್ಷು ಹಿಡಿದೇ ಓಡಿದ. ಗರಿಯಣ್ಣ ಮೇಜಿನ ಬುಡದಲ್ಲಿ ಒರಗಿ ಕೂತಿದ್ದ. ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ತನ್ನದಲ್ಲವೆಂಬಂತೆ ತೊಡೆಯ ಮೇಲೆ ಬಿದ್ದಿತ್ತು. ಮೇಲೆ, ಹರಡಿದ್ದ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಹಾಗೇ ಇತ್ತು. ಬಟ್ಟೆ ಸುಡುವ ವಾಸನೆ ಬರುತ್ತಿತ್ತು.

"ಆಂಬುಲೆನ್ಸ್‌ಗೆ ಮಾಡು ತಮ್ಮಾ, ನಂದು ಹತ್ತುತ್ತಾ ಇಲ್ಲ," ಅಂದಳು ಆಕೆ. ಆಕೆಯನ್ನು ಅವನು ಅಕ್ಕ ಎಂದೇ ಕರೆಯುತ್ತಿದ್ದ.

ಅವನು ಮಾಡಿದ. ಟೊಂಯ್ ಎಂಬ ಒಂದು ಸದ್ದು, ಆಮೇಲೆ ಏನೂ ಇಲ್ಲ. ಮತ್ತೆ ಮಾಡಿದ. ಪಕ್ಕದ ಔಷಧದಂಗಡಿಯವನು ಮಾಡಿದ, ನೊರೆ ಹಚ್ಚಿಕೊಂಡೇ ಬಂದಿದ್ದ ಗಿರಾಕಿಯೂ ಮಾಡಿದ. ಯಾರದೂ ಹೋಗಲಿಲ್ಲ. ಆಟೋ ಕರೆಯೋಣವೆಂದರೆ ಫೋನಿನಲ್ಲಿ ಅದೇ ಚಕ್ರ. ಈಗ ಹತ್ತೀತು, ಈಗ ಹತ್ತೀತು ಎಂದು ಎಲ್ಲರೂ ಫೋನನ್ನೇ ನೋಡುತ್ತಾ ನಿಂತರು. ಹಾಗೆ ನಿಂತಲ್ಲೇ ಅರ್ಧ ಗಂಟೆ ಹೋಯಿತು. ಕೊನೆಗೆ ಕ್ಷೌರಿಕ ದೊಡ್ಡ ರಸ್ತೆಗೆ ಓಡಿ, ಸಿಮೆಂಟು ಇಳಿಸಿ ಖಾಲಿ ಹೋಗುತ್ತಿದ್ದ ಟೆಂಪೊ ಒಂದಕ್ಕೆ ಅಡ್ಡ ನಿಂತ. ಗರಿಯಣ್ಣನನ್ನು ಗೋಣಿಚೀಲದ ಮೇಲೆ ಮಲಗಿಸಿ ಕರೆದೊಯ್ದರು. ಯಾವ ಆಸ್ಪತ್ರೆಯಲ್ಲಿ ಲಕ್ವಕ್ಕೆ ವೈದ್ಯರಿದ್ದಾರೆಂದು ಕೇಳಲೂ ದಾರಿಯಿರಲಿಲ್ಲ. ಮೊದಲ ಆಸ್ಪತ್ರೆಯವರು ಎರಡನೆಯದಕ್ಕೆ ಕಳಿಸಿದರು.

ಜೀವ ಉಳಿಯಿತು. "ಇನ್ನೂ ಬೇಗ ತಂದಿದ್ದರೆ ಕೈಯ ಸ್ವಾಧೀನ ಉಳಿಯೋ ಸಾಧ್ಯತೆ ಇತ್ತು," ಅಂದರು ವೈದ್ಯರು. ಬೈಯುವ ದನಿಯಲ್ಲಿ ಹೇಳಲಿಲ್ಲ. ಅದಕ್ಕೇ ಕ್ಷೌರಿಕನಿಗೆ ಆ ಮಾತು ಹೆಚ್ಚು ಚುಚ್ಚಿತು.

ಹತ್ತು ದಿನದ ಮೇಲೆ ಬಾಮೈದ ಬಂದ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ.

"ಆವತ್ತು ಫೋನ್ ಸತ್ತಿದ್ದು ಯಾಕೆ ಅಂತ ಗೊತ್ತಾಯ್ತು ಭಾವ. ಯಾರೋ ಎಲ್ಲೋ ಕೂತು ಮೂವತ್ತು ಸಾವಿರ ಡಬ್ಬಿಗಳನ್ನ ನಮ್ಮ ಎಕ್ಸ್‌ಚೇಂಜಿನ ಮೇಲೆ ಬಿಟ್ಟಿದ್ದಾರೆ. ಎಲ್ಲಾ ಹಳೇ ಮಾದರಿಯವು. ಎರಡು ಗಂಟೆ ಹೊತ್ತು ತುರ್ತು ಕರೆ ಒಂದೂ ಒಳಗೆ ಹೋಗಿಲ್ಲ."

ಕ್ಷೌರಿಕ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತಿದ್ದವನು ನಿಲ್ಲಿಸಿದ. "ನಂದೂ ಇತ್ತಾ?"

ಬಾಮೈದ ನೆಲ ನೋಡಿದ. "ಆ ಡಬ್ಬಿಗಳ ಪಟ್ಟೀಲಿ ಇದೆ."

ಕ್ಷೌರಿಕ ಕತ್ತಿ ಮಡಿಸಿ ಕೆಳಗಿಟ್ಟ.

"ನಿಮ್ಮದೊಂದರಿಂದ ಆಗಿದ್ದಲ್ಲ ಭಾವ. ಅದೊಂದು ಇಲ್ಲದಿದ್ರೂ ಆಗ್ತಿತ್ತು."

"ಮೂವತ್ತು ಸಾವಿರ ಜನಾನೂ ಹಾಗೇ ಅಂದ್ಕೊಂಡಿದ್ದಕ್ಕೆ ತಾನೇ ಆಗಿದ್ದು," ಅಂದ ಕ್ಷೌರಿಕ.

"ನಾನೂ ಅಷ್ಟೇ. ಮೊದಲ ಸಲ ವಿವರವಾಗಿ ಹೇಳಿದೆ. ಮೂರನೇ ಸಲ ಸಹಿ ಸಿಕ್ಕಿದರೆ ಸಾಕು ಅನ್ನೋ ಹಾಗೆ ಬಂದೆ. ನಮ್ಮಕ್ಕನ ಮನೆ ಅಂತ ಒಂದು ದಿನ ಕೂತು ಒಪ್ಪಿಸಬಹುದಿತ್ತು."

ಹೊಸ ಡಬ್ಬಿ ಆವತ್ತೇ ಬಂತು. ಕ್ಷೌರಿಕ ತಾನೇ ಹೊಸ ಪಾಸ್‌ವರ್ಡ್ ಹಾಕಿದ. ಬಾಮೈದ ಗೋಡೆಯ ಕಡೆ ತಿರುಗಿ ನಿಂತಿದ್ದ. ಗಿರಾಕಿಗಳಿಗೆ ಬೇರೆ ಪಾಸ್‌ವರ್ಡಿನ ಪ್ರತ್ಯೇಕ ದಾರಿಯೊಂದನ್ನು ಮಾಡಿಕೊಟ್ಟು, ಅಪ್‌ಡೇಟ್ ತಾನಾಗೇ ಆಗುವ ಹಾಗೆ ಹೊಂದಿಸಿದರು. ಮುಗಿದಾಗ ಇಪ್ಪತ್ತು ನಿಮಿಷ ಕೂಡ ಆಗಿರಲಿಲ್ಲ. ಅದನ್ನು ಕಂಡು ಕ್ಷೌರಿಕನಿಗೆ ಅಳು ಬಂದ ಹಾಗಾಯಿತು.

ಮನೆಯಲ್ಲಿ ಹೆಂಡತಿ "ಆಗ್ಲೇ ಹೇಳಿದ್ದೆ" ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಆಕೆ ಇಷ್ಟೇ ಕೇಳಿದಳು: "ಇಸ್ತ್ರಿ ಅಂಗಡಿ ಅಕ್ಕನಿಗೆ ಹೇಳಿದ್ರಾ?"

ಹೇಳಿರಲಿಲ್ಲ. ಹೇಳಲು ಮೂರು ದಿನ ಬೇಕಾಯಿತು. ಗರಿಯಣ್ಣನಿಗೆ ಗಡ್ಡ ತೆಗೆಯುವ ನೆಪದಲ್ಲಿ ಹೋದ. ಈಗ ಇಸ್ತ್ರಿ ಅಕ್ಕನ ಕೈಯಲ್ಲಿತ್ತು. ಒಂದೊಂದು ಅಂಗಿಗೆ ಗಂಡನಿಗಿಂತ ಎರಡು ಪಟ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳು. ಗಂಡ ಎಡಗೈಯಿಂದ ಕಾಲರ್ ತೋರಿಸುತ್ತಿದ್ದ. ಕ್ಷೌರಿಕ ಗಡ್ಡ ತೆಗೆದು, ಮುಖ ಒರೆಸಿ, ಆಮೇಲೆ ಎಲ್ಲ ಹೇಳಿದ. ಡಬ್ಬಿ, ಫಾರಂ, ಮೂರು ಸಹಿ, ಪಟ್ಟಿ. ಏನನ್ನೂ ಬಿಡಲಿಲ್ಲ.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಮಡಿಸಿದ ಬಟ್ಟೆಯನ್ನೇ ತುಂಬ ಹೊತ್ತು ಸವರಿದಳು.

"ನೀನು ಟೆಂಪೊಗೆ ಅಡ್ಡ ನಿಂತು ಇವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದನ್ನ ನಾನು ಮರೆಯಲ್ಲ ತಮ್ಮಾ," ಅಂದಳು. "ಇದನ್ನೂ ಮರೆಯೋಕಾಗಲ್ಲ."

ಗರಿಯಣ್ಣ ಏನೋ ಹೇಳಿದ. ಮಾತು ಅರ್ಧ ಬಾಯಲ್ಲೇ ಉಳಿಯಿತು. ಇರಲಿ ಬಿಡು ಅಂದನೋ, ಇನ್ನೇನು ಅಂದನೋ, ಕ್ಷೌರಿಕನಿಗೆ ತಿಳಿಯಲಿಲ್ಲ. ಮತ್ತೊಮ್ಮೆ ಹೇಳಿಸುವ ಧೈರ್ಯವೂ ಬರಲಿಲ್ಲ.

ಅವನು ಮೆಟ್ಟಿಲು ಇಳಿಯುವಾಗ ಅಕ್ಕ ಕರೆದಳು. "ನಮ್ಮನೇಲೂ ಟಿವಿ ಹಿಂದೆ ಅಂಥದೇ ಒಂದು ಡಬ್ಬಿ ಇದೆ. ಅದೂ ಆ ಪಟ್ಟೀಲಿ ಇತ್ತೋ ಏನೋ. ನಿನ್ನ ಬಾಮೈದನ್ನ ಕಳಿಸು."

ಆ ವಾರ ಲೈನ್‌ಮನ್ ಬೀದಿಯ ಹದಿನೇಳು ಮನೆಗಳಿಗೆ ಹೋದ. ಅವನ ಜೊತೆ ಕ್ಷೌರಿಕನೂ ಹೋದ. ಬೇಡ ಅಂದವರ ಮನೆಯಲ್ಲಿ ಕೂತು, ತನ್ನ ಕಥೆಯನ್ನೇ ಹೇಳಿದ. ಹೇಳಿದಷ್ಟು ಸಲವೂ ನಾಚಿಕೆಯಾಯಿತು. ಆದರೂ ಹೇಳಿದ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಡಬ್ಬಿ ಎಲ್ಲಿದೆ? ಎದ್ದು ಹೋಗಿ ಒಮ್ಮೆ ನೋಡಿ. ಅದರ ಜೊತೆ ಬಂದ ಪಾಸ್‌ವರ್ಡ್ ಇನ್ನೂ ಹಾಗೇ ಇದ್ದರೆ ಇವತ್ತೇ ಬದಲಾಯಿಸಿ. ಹೇಗೆಂದು ತಿಳಿಯದಿದ್ದರೆ ಸಂಪರ್ಕ ಕೊಟ್ಟವರ ಕಚೇರಿಗೆ ನೀವೇ ಫೋನ್ ಮಾಡಿ ಕೇಳಿ. ಅಪ್‌ಡೇಟ್ ಬಂದರೆ ಆಗಲು ಬಿಡಿ. ತೀರ ಹಳೆಯದಾಗಿ ಅಪ್‌ಡೇಟೇ ಬಾರದಿದ್ದರೆ ಹೊಸದಕ್ಕೆ ಬದಲಾಯಿಸಿಕೊಳ್ಳಿ. ಬದಲಾಯಿಸಲು ಬಂದವರ ಗುರುತಿನ ಚೀಟಿ ಕೇಳಿ ನೋಡಿ. ನಿಜವಾದವರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಬೇಡಿ. ಅನುಮಾನವಿದ್ದರೆ ಬಾಯಿಬಿಟ್ಟು ಕೇಳಿ, ಕೇಳಿದ ಮೇಲೆ ಕೆಲಸವನ್ನು ಮುಂದಕ್ಕೆ ಹಾಕಬೇಡಿ. ಸರ್ಕಾರ ಟವರಿಗೆ ಕಾವಲು ಹಾಕಬಹುದು, ಎಕ್ಸ್‌ಚೇಂಜಿಗೆ ಬೀಗ ಹಾಕಬಹುದು. ನಿಮ್ಮ ಮನೆಯೊಳಗಿನ ಬಾಗಿಲು ಹಾಕಬೇಕಾದವರು ನೀವೇ.

ನಿಮ್ಮ ಬೀದಿಯಲ್ಲಿ ಈ ಹೊತ್ತು ಯಾರಿಗೋ ಆಂಬುಲೆನ್ಸ್ ಬೇಕಾಗಿರಬಹುದು. ಅವರ ಕರೆಗೆ ದಾರಿ ಬಿಡಿ.