ನಿಲ್ಲಬೇಕಿದ್ದ ಹನಿ

ಒಂದು ಹನಿ ನೀರು ಮಣ್ಣಿನ ಮೇಲೆ ನಿಲ್ಲುವುದೋ ಇಂಗುವುದೋ ಎಂಬ ಗಹನವಾದ ಪ್ರಶ್ನೆ ಮಂಗಳವಾರ ಹನ್ನೊಂದು ಗಂಟೆಗೆ ಇತ್ಯರ್ಥಕ್ಕೆ ಬಂತು. ಪ್ರಯೋಗಾಲಯದಲ್ಲಿ ಹಾಜರಿದ್ದವರು ಮೂವರು: ಪಾರ್ಕಿನ ಮಾಲಿ, ಅವನ ಮೇಲ್ವಿಚಾರಕ, ಮತ್ತು ಅಲ್ಲಿ ಮಣ್ಣು ಪರೀಕ್ಷಿಸುವ, ಮಾಲಿಯ ಅಣ್ಣನ ಮಗಳು.

ಪಾರ್ಕಿನ ಒಂದು ಮೂಲೆಯಲ್ಲಿ ಹುಲ್ಲು ಒಣಗಿತ್ತು. ನೀರು ಬಿಟ್ಟರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಹರಿದುಹೋಗುತ್ತದೆ ಎಂದು ಮಾಲಿಯ ವಾದ. ಮೇಲ್ವಿಚಾರಕ ನಂಬಲಿಲ್ಲ. “ಕೈ ಕೆಸರು ಮಾಡ್ಕೊಳ್ದೆ ಇಪ್ಪತ್ತೆರಡು ವರ್ಷ ಮೊಸರು ತಿಂದಿದ್ದೀಯಪ್ಪ” ಎಂದು ಹಂಗಿಸಿ, ಮಾಲಿ ನೀರೇ ಬಿಡುವುದಿಲ್ಲವೆಂದು ದೂರು ಬರೆದಿಟ್ಟಿದ್ದ. ಕಳಿಸುವುದಷ್ಟೇ ಬಾಕಿ.

ಮಾಲಿ ಹಿಂದಿನ ದಿನ ತಂದುಕೊಟ್ಟಿದ್ದ ಆ ಮೂಲೆಯ ಮಣ್ಣನ್ನು ಹುಡುಗಿ ಜರಡಿ ಹಿಡಿದು, ಹಿಟ್ಟಿನಂಥ ಕಣಗಳನ್ನು ಗಾಜಿನ ಪಟ್ಟಿಯ ಮೇಲೆ ಒಂದೇ ಪದರವಾಗಿ ಅಂಟಿಸಿದ್ದಳು. ಕಣಗಳಿಗೆ ನೀರು ಬೇಡವಾದರೆ ಹನಿ ಗುಂಡಗೆ ನಿಲ್ಲಬೇಕು.

ಸೂಜಿಯ ತುದಿಯಿಂದ ಹನಿ ಬಿತ್ತು. ಕಣ್ಣು ಮಿಟುಕಿಸುವುದರೊಳಗೆ ಇಂಗಿತು.

“ಪಾಪ, ಎಷ್ಟು ದಿನದ ಬಾಯಾರಿಕೆಯೋ!” ಎಂದ ಮೇಲ್ವಿಚಾರಕ.

ಹುಡುಗಿ ಪಟ್ಟಿಯನ್ನು ಮೂಸಿದಳು.

“ಚಿಕ್ಕಪ್ಪ, ಈ ಮಣ್ಣಿಗೆ ಏನ್ ಮಾಡ್ದೆ?”

“ಏನೂ ಇಲ್ಲಮ್ಮ.”

“ಚಿಕ್ಕಪ್ಪಾ...”

“ಇಷ್ಟು ದೊಡ್ಡ ಆಫೀಸಿಗೆ ಕೊಳೆ ಮಣ್ಣು ತರೋಕಾಗುತ್ತಾ? ಬಟ್ಟೆ ಸೋಪಿನ ಪುಡಿ ಹಾಕಿ ತೊಳೆದು, ಬಿಸಿಲಲ್ಲಿ ಒಣಗಿಸಿ ತಂದೆ. ನಿನ್ನ ಮರ್ಯಾದೆ ಪ್ರಶ್ನೆ ನೋಡು.”

“ಮಣ್ಣು ತೊಳೆದವನನ್ನ ಇವತ್ತೇ ಕಂಡಿದ್ದು!” ಮೇಲ್ವಿಚಾರಕ ನಕ್ಕೂ ನಕ್ಕೂ ಕೆಮ್ಮಿದ.

ಹುಡುಗಿಯ ಕಣ್ಣು ಚಿಕ್ಕಪ್ಪನ ಬೂಟಿನ ಮೇಲೆ ಬಿತ್ತು. “ಆ ಮೂಲೆಯಿಂದಲೇ ಬಂದ್ಯಾ?”

“ಹೂಂ, ಸಾಹೇಬ್ರು ಅಲ್ಲಿಂದಲೇ ಎಳ್ಕೊಂಡು ಬಂದ್ರು.”

“ಬಿಚ್ಚು.”

ಬೂಟು ಕೊಡವಿದಾಗ ಮೂರು ಚಮಚದಷ್ಟು ಒಣಮಣ್ಣು ಉದುರಿತು. ಕಾಲುಚೀಲದ ತೂತಿಗೆ ಮಾಲಿ ಇನ್ನೊಂದು ಪಾದ ಅಡ್ಡ ಇಟ್ಟು ನಿಂತ. ಮತ್ತೆ ಜರಡಿ, ಮತ್ತೆ ಪಟ್ಟಿ, ಮತ್ತೆ ಹನಿ.

ಹನಿ ಮುತ್ತಿನಂತೆ ಕೂತಿತು. ಪಕ್ಕದ ಪರದೆಯಲ್ಲಿ ಅದರ ಅಂಚಿನ ಕೋನ ನೂರಾ ಹನ್ನೆರಡು ಡಿಗ್ರಿ ಎಂದು ಮೂಡಿತು. ತೊಂಬತ್ತು ದಾಟಿದರೆ ಕಣಗಳು ನೀರನ್ನು ದೂರ ತಳ್ಳುತ್ತಿವೆ ಎಂದರ್ಥ. ಉದುರಿದೆಲೆಗಳ ಮೇಣ ಅವುಗಳಿಗೆ ಕೋಟು ತೊಡಿಸಿದೆ ಎಂದು ಹುಡುಗಿ ವಿವರಿಸಿದಳು. ಮೇಲ್ವಿಚಾರಕ ಕಾಫಿ ತರಿಸಿ ಕುಡಿದು ಮುಗಿಸಿದ. ಹನಿ ಇದ್ದಲ್ಲೇ ಇತ್ತು.

“ಜಗಮೊಂಡ ಮಣ್ಣು,” ಎಂದ ಕೊನೆಗೆ.

“ನಾನೂ ಅದನ್ನೇ ಅಂದಿದ್ದು ಸಾರ್,” ಎಂದ ಮಾಲಿ, ಬೂಟಿನ ದಾರ ಕಟ್ಟುತ್ತ. “ಆದ್ರೆ ಸೋಪಿಗೆ ಬಗ್ಗುತ್ತೆ.”

ದೂರು ಹರಿದುಹೋಯಿತು. ಆ ಮೂಲೆಗೆ ಈಗ ತಿಂಗಳಿಗೊಮ್ಮೆ ತೆಳು ಸೋಪಿನ ನೀರು ಬಿಡುತ್ತಾರೆ, ಹುಲ್ಲು ಬಂದಿದೆ.